ಕಾಲಲ್ಲಿದ್ದ ಲೆಕ್ಕ

ಮಕ್ಕಳು ಕೂತು ಲೆಕ್ಕ ಕಲಿಯುವ ಬದಲು ಜಿಗಿದು ಕಲಿತರೆ ಏನಾಗುತ್ತದೆ ಎಂದು ಮೊದಲು ಕೇಳಿದವಳು ನಾನಲ್ಲ. ಆದರೆ ಜಿಗಿದ ಮಗುವಿಗೆ ನೆಲವೇ ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದವಳು ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೇಳಿದ್ದಕ್ಕೆ ಸಾಕಷ್ಟು ಅನುಭವಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹೆಸರು ಸುಮಿತ್ರಾ ಕಟಗೇರಿ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಕಡೆಗೆ ಎರಡು ಮಹಡಿಯ ಒಂದು ಕಟ್ಟಡದಲ್ಲಿ ನಮ್ಮ ಪ್ರಯೋಗಾಲಯವಿದೆ. ಹೆಜ್ಜೆನೆಲ ಹುಟ್ಟಿದ್ದು ಅಲ್ಲಿ. ನೋಡುವುದಕ್ಕೆ ಸಾದಾ ಜಮಖಾನೆ. ಒಳಗೆ ಅಂಗೈ ಅಗಲದ ಸಾವಿರಾರು ಚೀಲಗಳು, ಚೀಲದೊಳಗೆ ಎಣ್ಣೆಯಂಥ ದ್ರವ, ದ್ರವದಲ್ಲಿ ಹಿಟ್ಟಿನಷ್ಟು ನಯವಾದ ಪುಡಿ. ವಿದ್ಯುತ್ ಹರಿಸಿದರೆ ಪುಡಿ ಸಾಲುಗಟ್ಟಿ ನಿಂತು ಚೀಲ ಗಟ್ಟಿಯಾಗುತ್ತದೆ. ನಿಲ್ಲಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇದಿಷ್ಟೇ ಅದರ ಗುಟ್ಟು, ಉಳಿದದ್ದೆಲ್ಲ ಮಕ್ಕಳದ್ದು.

ಟೀಚರು "ಏಳು ಮೂರಲೆ?" ಎನ್ನುತ್ತಾರೆ. ಮಕ್ಕಳು ಜಿಗಿಯುತ್ತಾರೆ. ಹತ್ತಕ್ಕೊಂದು ದೊಡ್ಡ ಜಿಗಿತ, ಬಿಡಿಗೊಂದು ಸಣ್ಣ ಜಿಗಿತ. ಎರಡು ದೊಡ್ಡದು, ಒಂದು ಸಣ್ಣದು ಬಿದ್ದರೆ ಇಪ್ಪತ್ತೊಂದು. ಸರಿಯಿದ್ದರೆ ಆ ಮಗುವಿನ ಪಾದದಡಿ ನೆಲ ಒಂದು ಕ್ಷಣ ಮೆತ್ತಗಾಗುತ್ತದೆ. ತಪ್ಪಿದ್ದರೆ ಗಟ್ಟಿಯಾಗಿಯೇ ಇರುತ್ತದೆ, ಅಷ್ಟೇ. ಬೈಗುಳವಿಲ್ಲ, ಕೆಂಪು ಶಾಯಿಯಿಲ್ಲ, ಕಿವಿ ಹಿಂಡುವುದಿಲ್ಲ. ಮೆತ್ತಗಿನ ಆ ಒಂದು ಕ್ಷಣಕ್ಕಾಗಿ ಮಕ್ಕಳು ಹದಿನೇಳರ ಮಗ್ಗಿಯವರೆಗೆ ತಾವಾಗಿಯೇ ಹೋದರು.

ಎರಡೇ ವರ್ಷದಲ್ಲಿ ನೂರ ಹನ್ನೆರಡು ಶಾಲೆಗಳಲ್ಲಿ ನೆಲ ಹಾಸಿದೆವು. ಮಕ್ಕಳ ನಡಿಗೆಯೇ ಬದಲಾಯಿತು ಎಂದು ಊರೂರಿಂದ ಸುದ್ದಿ ಬರುತ್ತಿತ್ತು. ನೀರಿನ ಕೊಡ ಹೊತ್ತ ಹುಡುಗಿ ಕಟ್ಟೆಯ ಮೇಲೆ ಭಾಗಾಕಾರ ಮಾಡುತ್ತ ಬರುತ್ತಾಳಂತೆ. ಬಸ್ಸಿಗೆ ಕಾಯುವ ಹುಡುಗ ಸುಮ್ಮನೆ ನಿಲ್ಲದೆ ಎಂಟರ ಮಗ್ಗಿ ಕುಣಿಯುತ್ತಾನಂತೆ. ನಮ್ಮ ಅವ್ವ ಇದನ್ನು ಕೇಳಿ, "ನಿನ್ನ ಕಾಲದಾಗ ಇದು ಇದ್ದಿದ್ರ ನೀ ಹತ್ತನೇ ವರ್ಗದಾಗ ಲೆಕ್ಕಕ್ಕ ಅಷ್ಟು ಅಳ್ತಿದ್ದಿಲ್ಲ" ಎಂದಳು. ಅವ್ವನ ನೆನಪು ಯಾವಾಗಲೂ ಬೇಡದ ಕಡೆಗೇ ಚುರುಕು.

ನನ್ನ ಕೆಲಸ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯುದ್ದದ ಪರದೆಯಲ್ಲಿ ಒಂದೊಂದು ಶಾಲೆಗೆ ಒಂದೊಂದು ನೀಲಿ ಚೌಕ. ಮಗು ಹೆಜ್ಜೆ ಇಟ್ಟಲ್ಲಿ ಬಿಳಿ ಚುಕ್ಕಿ ಅರಳಿ ಆರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಶಾಲೆಗಳಲ್ಲೂ ಲೆಕ್ಕದ ತಾಸು. ಸಾವಿರಾರು ಮಕ್ಕಳು ಒಟ್ಟಿಗೆ ಜಿಗಿಯುವಾಗ ಸದ್ದಿಲ್ಲದ ಆ ಕೋಣೆಯಲ್ಲಿ ಗೋಡೆ ತುಂಬ ಚುಕ್ಕಿಗಳು ಅರಳಿ ಆರಿ ಅರಳಿ ಆರಿ ಕಣ್ಣಿಗೆ ಜೋಂಪು ಹತ್ತುತ್ತಿತ್ತು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಒಂದು ತಾಸು ನನ್ನ ದಿನದ ಅತ್ಯಂತ ಸುಖದ ಹೊತ್ತಾಗಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಸಿಟ್ಟು ಬರುತ್ತಿತ್ತು.

ನನಗೆ ಮಕ್ಕಳ ಮುಖ ಗೊತ್ತಿಲ್ಲ, ನಡಿಗೆ ಗೊತ್ತು. ಪ್ರತಿ ಮಗುವಿನ ಜಿಗಿತವೂ ಬೇರೆ. ಅದಕ್ಕೇ ಪ್ರತಿ ಮಗುವಿಗೂ ಒಂದು ನಡಿಗೆ ಕಡತ ಇಟ್ಟಿದ್ದೆವು. ಭಾರ ಎಷ್ಟು, ಯಾವ ಕಾಲು ಮೊದಲು, ಎಷ್ಟು ಯೋಚಿಸಿ ಜಿಗಿಯುತ್ತದೆ ಎಲ್ಲ ಅದರಲ್ಲಿ. ಗುಳೇದಗುಡ್ಡದ ಒಂದು ಶಾಲೆಯ ನಾಲ್ಕನೆಯ ತರಗತಿಯಲ್ಲಿ ಒಂದು ಹುಡುಗಿ ಇದ್ದಳು. ಪ್ರತಿ ದೊಡ್ಡ ಜಿಗಿತಕ್ಕೂ ಮುಂಚೆ ಎಡಗಾಲನ್ನು ನೆಲಕ್ಕೆ ಸುಮ್ಮನೆ ತಾಗಿಸುತ್ತಿದ್ದಳು. ಪರದೆಯಲ್ಲಿ ದೊಡ್ಡ ಚುಕ್ಕಿಯ ಪಕ್ಕ ಒಂದು ಮಸುಕು ಚುಕ್ಕಿ. ಜಿಗಿಯಲಾ ಎಂದು ನೆಲವನ್ನು ಕೇಳುತ್ತಾಳೇನೋ ಅನ್ನಿಸುತ್ತಿತ್ತು. ನೂರ ಹನ್ನೆರಡು ಚೌಕಗಳ ನಡುವೆ ನಾನು ಮೊದಲು ಹುಡುಕುತ್ತಿದ್ದುದು ಆ ಮಸುಕು ಚುಕ್ಕಿಯನ್ನು. ಹೆಸರು ಸಿಂಚನಾ.

ಕಾರ್ತಿಕ ಕಳೆದ ಮೇಲೆ ಒಂದು ದಿನ ಆ ಚುಕ್ಕಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆ. ಎರಡು ತಿಂಗಳಾದ ಮೇಲೆ ಆ ಶಾಲೆಯ ಮುಜಾವರ ಟೀಚರ್ ಫೋನು ಮಾಡಿದರು. ಅವರದು ಯಾವತ್ತೂ ಗಟ್ಟಿ ದನಿ, ಅವತ್ತು ಇಳಿದಿತ್ತು.

"ಮೇಡಮ್ಮಾರ, ನಿಮ್ಮ ನೆಲ ಕಲಿಸಿದ್ದನ್ನ ಮರಿಸಾಕೂ ಬರ್ತೈತೇನ್ರಿ? ನಮ್ಮ ಸಿಂಚನಾಗ ಒಂದೂ ಲೆಕ್ಕ ಬರವಲ್ದು. ಒಮ್ಮೆ ಬಂದು ನೋಡ್ರಿ."

*

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗುಳೇದಗುಡ್ಡದಲ್ಲಿ ಆ ಓಣಿಗೆ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಸದ್ದು. ರವಿಕೆಯ ಖಣ ನೇಯುವವರ ಓಣಿ. ಸಿಂಚನಾಳ ತಾಯಿ ನೀಲವ್ವ ಪಡಸಾಲೆಯ ಕುಣಿಮಗ್ಗದಲ್ಲಿ ಸೊಂಟದವರೆಗೆ ಕುಣಿಯೊಳಗೆ ಇಳಿದು ಕೂತಿದ್ದಳು. ಮೇಲೆ ಕೈ ಲಾಳಿ ಎಳೆಯುತ್ತಿದ್ದರೆ ಕೆಳಗೆ ಕಾಲು ಹಲಗೆ ತುಳಿಯುತ್ತಿತ್ತು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಕುಂದ್ರಿ. ಇದೊಂದು ಹೂವು ಮುಗಿಸಿ ಬರ್ತೇನಿ. ನಡುವ ಬಿಟ್ರ ಕಾಲಿಗೆ ಎಣಿಕಿ ತಪ್ಪತೈತಿ."

ಮಗ್ಗದ ಪಕ್ಕದ ಹಾಸಿಗೆಯಲ್ಲಿ ಸಿಂಚನಾ ದಿಂಬಿಗೊರಗಿ ಕೂತಿದ್ದಳು. ಎರಡು ವರ್ಷ ನಡಿಗೆಯಲ್ಲೇ ಕಂಡ ಮಗುವಿನ ಮುಖವನ್ನು ಮೊದಲ ಸಲ ನೋಡಿದೆ. ಗುಂಡು ಮುಖ, ಮುಂದಿನ ಹಲ್ಲಿನಲ್ಲಿ ಕಿಂಡಿ. ಕಾಲುಗಳ ಮೇಲೆ ಚಾದರ ಹೊದಿಸಿದ್ದರು. ಜ್ವರ ಬಂದು ಬಿಟ್ಟ ಹತ್ತು ದಿನಕ್ಕೆ ಕಾಲು ಸೋತವಂತೆ. ನರಗಳ ಮೇಲಿನ ಪೊರೆಯನ್ನು ಮೈಯೇ ತಿಂದುಹಾಕುವ ಕಾಯಿಲೆ ಅದು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಇಟ್ಟುಕೊಂಡು ಕಳಿಸಿದ್ದರು. ಪೊರೆ ಮತ್ತೆ ಬೆಳೆಯುತ್ತದೆ, ವರ್ಷ ಹಿಡಿಯಬಹುದು, ಪೂರಾ ಬಂದೀತೋ ಇಲ್ಲವೋ ಹೇಳಲಾಗದು ಎಂದಿದ್ದರಂತೆ. ಕೈಗೆ ಬಲ ಬಂದಿತ್ತು, ಮಾತು ಸರಿ ಇತ್ತು. ಕಾಲು ಮಾತ್ರ ಇದ್ದಲ್ಲೇ ಇದ್ದವು.

"ಏಳು ಎಂಟಲೆ ಎಷ್ಟು ಪುಟ್ಟಿ?" ಎಂದೆ. ಬೇರೇನು ಮಾತಾಡಬೇಕೋ ಗೊತ್ತಾಗಲಿಲ್ಲ.

ಹುಡುಗಿ ನನ್ನನ್ನು ನೋಡಲಿಲ್ಲ. ಚಾದರದ ಕಡೆ ನೋಡಿದಳು, ಬಹಳ ಹೊತ್ತು ನೋಡಿದಳು. "ಬರೂದಿಲ್ರಿ," ಎಂದಳು. "ಮೊದ್ಲ ಏಳು ಅಂದ್ರ ಕಾಲು ತಾನ ಏಳ್ತಿತ್ತು. ಈಗ ಏಳು ಅಂದ್ರ ಸುಮ್ನ ಸಪ್ಪಳ ಆಗತೈತಿ."

ನೀಲವ್ವ ಕುಣಿಯಿಂದ ಮೇಲೆ ಬಂದು ಸೆರಗಿನಿಂದ ಕೈ ಒರೆಸಿಕೊಂಡಳು. ಸಿಟ್ಟು ಮಾಡಿದ್ದರೆ ಸಹಿಸಬಹುದಿತ್ತು, ಮೆಲ್ಲಗೆ ಹೇಳಿದಳು.

"ಮೇಡಮ್ಮಾರ, ನಾವು ಬೆರಳ ಮ್ಯಾಲ ಎಣಿಸಿ ಕಲಿತವ್ರು. ನೀವು ಲೆಕ್ಕಾನ ನನ್ನ ಮಗಳ ಕಾಲಿಗೆ ಕಟ್ಟಿದ್ರಿ. ಕಾಲು ಹೋತು, ಲೆಕ್ಕಾನೂ ಹೋತು. ಕಾಲು ಡಾಕ್ಟರ ಕೈಯಾಗ ಐತಿ. ಲೆಕ್ಕ ನಿಮ್ಮ ಕೈಯಾಗ ಐತಿ. ಅದನ್ನರ ಕೊಟ್ಟು ಹೋಗ್ರಿ."

ಚಹಾ ಕೊಟ್ಟಳು. ಕುಡಿದೆ. ರುಚಿ ನೆನಪಿಲ್ಲ. ಬಸ್ಸಿನಲ್ಲಿ ಬಾದಾಮಿ ದಾಟುವವರೆಗೂ ಆಕೆಯ ಮಾತು ಕಿವಿಯಲ್ಲೇ ಇತ್ತು. ಆಕೆ ಹೇಳಿದ್ದು ನಿಜವೋ ಎಂದು ವಿಜ್ಞಾನಿಯಾಗಿ ಯೋಚಿಸಿದೆ. ಅರ್ಧ ನಿಜ. ಆ ಮಕ್ಕಳು ಅಂಕಿಯನ್ನು ಬಾಯಿಂದ ಕಲಿತಿರಲಿಲ್ಲ, ಕಣ್ಣಿಂದಲೂ ಅಲ್ಲ. ಪಾದದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಕಲಿತಿದ್ದರು. ಸಿಂಚನಾಳಿಗೆ ಆ ದಾರಿಯೇ ಮುಚ್ಚಿತ್ತು. ದಾರಿ ಮುಚ್ಚಿದರೂ ಊರು ಇದ್ದಲ್ಲೇ ಇದೆಯೇ ಎಂಬುದು ನನಗೆ ಗೊತ್ತಿರಲಿಲ್ಲ.

*

ನಮ್ಮ ಮುಖ್ಯಸ್ಥರು ಹುಯಿಲಗೋಳ ಸರ್. ಕೆಟ್ಟವರಲ್ಲ. ಎಂಥ ಮಾತನ್ನೂ ಪೆನ್ನಿನ ಕ್ಯಾಪು ತಿರುವುತ್ತ ಕೇಳುತ್ತಾರೆ.

"ಸುಮಿತ್ರಾ, ಎಂಟು ಸಾವಿರ ಹುಡುಗ್ರು ಕಲತಾವ. ಒಂದು ಹುಡಿಗಿಗೆ ಕಾಯಿಲಿ ಬಂದೈತಿ. ಅದು ನೆಲದ ತಪ್ಪಲ್ಲ."

"ತಪ್ಪು ಅಂತ ಯಾರೂ ಅಂದಿಲ್ಲ ಸರ್. ಆಕಿ ಅವ್ವ ತಿರುಗಿ ಕೊಡ್ರಿ ಅಂದಾಳ."

ನಾನು ಕೇಳಿದ್ದು ಇಷ್ಟು. ಎರಡು ಶಾಲೆಯ ಮಕ್ಕಳು ಕೂಡಿ ಆಡಲಿ ಎಂದು ಒಂದು ನೆಲದ ಹೆಜ್ಜೆಯನ್ನು ಇನ್ನೊಂದು ನೆಲಕ್ಕೆ ದಾಟಿಸುವ ಸೌಲಭ್ಯ ನಮ್ಮಲ್ಲಿತ್ತು. ಚೀಲಗಳು ಅಲ್ಲಿ ಒತ್ತಿದ ಹಾಗೆ ಇಲ್ಲಿ ಏಳುತ್ತವೆ, ಇಳಿಯುತ್ತವೆ. ಹಿಂದಿನ ದಿನದ ಪಾಠವನ್ನು ಮತ್ತೆ ಹಚ್ಚಲೂ ಬರುತ್ತದೆ. ಒಂದು ತುಂಡು ನೆಲವನ್ನು ಸಿಂಚನಾಳ ಪಾದದಡಿ ಇಟ್ಟರೆ ಅವಳ ತರಗತಿ ಜಿಗಿಯುವುದು ಅವಳಿಗೆ ತಿಳಿಯುತ್ತದೆ. ಸ್ಪರ್ಶ ತಿಳಿಯುವ ನರಗಳು ಅವಳಲ್ಲಿ ಉಳಿದಿದ್ದವು. ಅದರ ನಡುವೆ ಅವಳ ಹಳೆಯ ನಡಿಗೆ ಕಡತವನ್ನೂ ಸೇರಿಸಿದರೆ, ಅವಳೇ ಜಿಗಿದ ಹಾಗೆ ಅವಳ ಪಾದಕ್ಕೆ ತಿಳಿಯುತ್ತದೆ. ಕಾಲಿಂದ ಬಂದ ಲೆಕ್ಕವನ್ನು ಕಾಲಿಂದಲೇ ಕರೆಯುವುದು.

"ಒಯ್ಯಿ," ಎಂದರು ಸರ್. "ಆದ್ರ ನಿಯಮ ಗೊತ್ತೈತಲ್ಲ. ನೂರು ದಿನ ಹೆಜ್ಜಿ ಬೀಳದ ಮಗುವಿನ ಕಡತ ತಾನ ಅಳಿಸಿ ಹೋಗತೈತಿ. ಸಣ್ಣ ಹುಡುಗ್ರ ಮಾಹಿತಿ, ಇಟ್ಕೊಳ್ಳಾಕ ಯಾರಿಗೂ ಹಕ್ಕಿಲ್ಲ. ನಾನೂ ತಡಿಯಾಕ ಬರೂದಿಲ್ಲ."

ಆ ದಿನ ಎಪ್ಪತ್ತನಾಲ್ಕನೆಯದು. ಉಳಿದದ್ದು ಇಪ್ಪತ್ತಾರು. ಅಷ್ಟರೊಳಗೆ ಆ ತುಂಡು ನೆಲದ ಮೇಲೆ ಸಿಂಚನಾಳದೇ ಎನ್ನಬಹುದಾದ ಒಂದೇ ಒಂದು ಒತ್ತು ಬಿದ್ದರೂ ಕಡತ ಉಳಿಯುತ್ತಿತ್ತು.

ಬಟ್ಟೆಯ ಚೀಲದಲ್ಲಿ ನೆಲದ ತುಂಡು ಸುತ್ತಿಕೊಂಡು ಮತ್ತೆ ಬಸ್ಸು ಹತ್ತಿದೆ. ಅದನ್ನು ಹಾಸಿಗೆಯ ಕೊನೆಗೆ ಆನಿಸಿ, ಸಿಂಚನಾಳ ಪಾದ ಅದಕ್ಕೆ ತಾಗುವಂತೆ ಇಟ್ಟೆವು. ಹನ್ನೊಂದು ಹೊಡೆಯಿತು. ಒಂದು ಮೈಲಿ ಆಚೆ ಮುಜಾವರ ಟೀಚರ್ ಏನೋ ಕೇಳಿರಬೇಕು, ನೆಲ ಅಲುಗಿತು. ಮೂವತ್ತು ಮಕ್ಕಳ ಹೆಜ್ಜೆ ಒಂದರ ಹಿಂದೊಂದು ಅವಳ ಅಂಗಾಲಿನಡಿ ಹಾದುಹೋದವು. ಸಿಂಚನಾ ಕಣ್ಣು ಮುಚ್ಚಿಕೊಂಡಳು.

"ಏನ ಅನಸಾಕತ್ತೈತಿ?" ಎಂದು ನೀಲವ್ವ ಕೇಳಿದಳು.

"ಕೆರಿ ದಂಡಿ ಮ್ಯಾಲ ಕುಂತು ಕಾಲು ನೀರಾಗ ಬಿಟ್ಟಂಗ," ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ, "ಇದು ನಿಹಾಲ. ಅವ ದಪ್ಪ ಜಿಗೀತಾನ," ಎಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ತುಟಿ ತೆರೆದಳು. "ಯವ್ವಾ, ಇದು ನಾನು."

ಆ ಎಡಗಾಲ ಮಸುಕು ತಾಗು ಅವಳಿಗೇ ಗೊತ್ತಾಗಿತ್ತು. ನೀಲವ್ವ ಮುಖ ತಿರುಗಿಸಿ ಮಗ್ಗಕ್ಕೆ ಇಳಿದುಬಿಟ್ಟಳು. ಬಿಸಿಲು ಹಂಚಿನ ಸಂದಿಯಿಂದ ಇಳಿದು ಮಗ್ಗದ ಹಾಸಿನ ಬಣ್ಣದ ಎಳೆಗಳ ಮೇಲೆ ಬಿದ್ದಿತ್ತು. ಕೆಳಗೆ ಕುಣಿಯಲ್ಲಿ ತಾಯಿಯ ಕಾಲಿನ ಸದ್ದು, ಮೇಲೆ ಹಾಸಿಗೆಯಲ್ಲಿ ಮಗಳ ಅಂಗಾಲಿನ ಅಲೆ. ನನಗೆ ಕೂತಲ್ಲೇ ಕಣ್ಣು ಎಳೆಯಿತು. ನಾನು ಮಾಡಿದ ವಸ್ತುಗಳಲ್ಲಿ ಇದೊಂದಾದರೂ ಚೆನ್ನಾಗಿದೆ ಎಂದು ಅವತ್ತು ಅನ್ನಿಸಿತು.

*

ಹುಬ್ಬಳ್ಳಿಗೆ ಮರಳಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಸೇರಿಸಿದೆ. ಅದು ಸಿಂಚನಾಳ ಹಾಸಿಗೆ. ಮಕ್ಕಳ ಚುಕ್ಕಿಗಳು ಅದರಲ್ಲಿ ಹಾದುಹೋಗುತ್ತಿದ್ದವು. ಅವಳದೇ ಒತ್ತು ಬಿದ್ದರೆ ಹಳದಿ ಚುಕ್ಕಿ ಕಾಣಬೇಕು ಎಂದು ಗೊತ್ತುಮಾಡಿದ್ದೆ. ಹಳದಿ ಬರಲಿಲ್ಲ. ಎಂಬತ್ತನೆಯ ದಿನ ಬರಲಿಲ್ಲ, ಎಂಬತ್ತೈದು, ತೊಂಬತ್ತು, ಬರಲಿಲ್ಲ. ಲೆಕ್ಕದ ತಾಸಿನ ಜೋಂಪು ನನಗೆ ಹೋಯಿತು. ನೂರ ಹನ್ನೆರಡು ಚೌಕ ಬಿಟ್ಟು ಆ ಒಂದು ಮೂಲೆಯನ್ನೇ ನೋಡುತ್ತ ಕೂರುತ್ತಿದ್ದೆ.

ತೊಂಬತ್ತೆರಡನೆಯ ದಿನ ಮಧ್ಯಾಹ್ನ ನೀಲವ್ವ ಫೋನು ಮಾಡಿದಳು.

"ಅಕ್ಕಾರ, ನಿಮಗ ಕಾಣತೈತೇನ್ರಿ? ಹುಡಿಗಿ ಹೆಬ್ಬೆರಳ ಒತ್ತಾಕತ್ಯಾಳ. ಎಂಟು ದಿನಾತು. ಅಲ್ಲಿ ಹುಡುಗ್ರು ಜಿಗಿದು ಮುಗಿಸಿದ ಮ್ಯಾಲ ಸಾವಕಾಶ ಒತ್ತತಾಳ."

ಮೇಡಮ್ಮಾರ ಹೋಗಿ ಅಕ್ಕಾರ ಆಗಿದ್ದೆ. ಅದಕ್ಕಾದರೂ ನಾನು ನಾಲಿಗೆ ಬಿಗಿ ಹಿಡಿಯಬೇಕಿತ್ತು.

"ಇಲ್ಲ ನೀಲವ್ವ, ಇಲ್ಲೇನೂ ಬಂದಿಲ್ಲ. ಬಂದಿದ್ರ ಇಲ್ಲಿ ತೋರಸ್ತಿತ್ತು."

"ನನ್ನ ಕಣ್ಣಿಗೆ ಕಾಣತೈತಲ್ರಿ."

"ತಾಯಿ ಕಣ್ಣಿಗೆ ಎಲ್ಲಾ ಕಾಣತೈತಿ," ಎಂದುಬಿಟ್ಟೆ. "ಸುಮ್ನ ಆಸೆ ಇಟ್ಕೋಬ್ಯಾಡ್ರಿ. ಆಮ್ಯಾಲ ನಿಮಗ ತ್ರಾಸ ಆಗತೈತಿ."

 ಆಕೆ ಹೇಳಿದಳು. "ಅಕ್ಕಾರ, ಎರಡೂವರೆ ಸಾವಿರ ಎಳಿಯಾಗ ಒಂದು ಹರದ್ರ ನನಗ ಗೊತ್ತಾಗತೈತಿ. ನನ್ನ ಮಗಳ ಬೆರಳ ಗೊತ್ತಾಗೂದಿಲ್ಲೇನ್ರಿ?" ಫೋನು ಇಟ್ಟಳು. ನಾನು ಹಲ್ಲು ಕಡಿದುಕೊಂಡು ಪರದೆ ನೋಡಿದೆ. ಪರದೆಯಲ್ಲಿ ಹಳದಿ ಇರಲಿಲ್ಲ. ಯಂತ್ರದ ಮಾತನ್ನು ನಂಬಿದೆ. ನನ್ನದೇ ಯಂತ್ರ ನೋಡಿ, ಅದಕ್ಕೆ.

ಶನಿವಾರ ನೂರನೆಯ ದಿನ. ಸಂಜೆ ಐದಕ್ಕೆ ಪರದೆಯಲ್ಲಿ ಒಂದು ಸಾಲು ಬಂತು: ಕಡತ ಅಳಿಸಲಾಗಿದೆ. ಹೆಸರು ಕೂಡ ಇಲ್ಲ, ಒಂದು ಸಂಖ್ಯೆ ಮಾತ್ರ. ಎಡಗಾಲನ್ನು ತಾಗಿಸಿ ನೆಲವನ್ನು ಕೇಳುತ್ತಿದ್ದ ಹುಡುಗಿ ಇನ್ನು ಲೋಕದ ಯಾವ ನೆಲಕ್ಕೂ ನೆನಪಿರಲಿಲ್ಲ. ಕೋಣೆಯ ದೀಪ ಆರಿಸಿ ಮನೆಗೆ ಹೋದೆ. ಊಟಕ್ಕೆ ಕೂತಾಗ ಅವ್ವ ಏನಾಯಿತು ಎಂದು ಕೇಳಿದಳು, ಏನಿಲ್ಲ ಎಂದೆ.

ಭಾನುವಾರ ಬೆಳಿಗ್ಗೆ ಅವ್ವ ಅಡುಗೆಮನೆಯ ನೆಲದಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನಾನು ಎದುರಿಗೆ ಚಹಾ ಹಿಡಿದು ಕೂತಿದ್ದೆ. ನನಗೆ ಇನ್ನೊಂದು ಕೆಲಸ ಸಿಕ್ಕೀತೇ, ಹೊಲಿಗೆ ಕಲಿಯಲೇ ಎಂದೆಲ್ಲ ಯೋಚನೆ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅವ್ವ ಎಂದಿನಂತೆ "ಕೃಷ್ಣ ಕೃಷ್ಣ" ಎಂದು ತೋರುಬೆರಳಿನಿಂದ ನೆಲವನ್ನು ಮೂರು ಸಲ ಮೆಲ್ಲಗೆ ತಟ್ಟಿದಳು.

ನಾನು ಆ ಬೆರಳನ್ನೇ ನೋಡಿದೆ.

"ಅವ್ವಾ, ಇನ್ನೊಮ್ಮೆ ತಟ್ಟು."

"ಯಾಕ? ಹಲ್ಲಿ ಒಮ್ಮೆ ನುಡದೈತಿ."

"ತಟ್ಟವ್ವಾ."

ತಟ್ಟಿದಳು. ಬೆರಳಿನ ಭಾರ ಎಷ್ಟಿದ್ದೀತು? ನೂರು ಗ್ರಾಂ, ಹೆಚ್ಚೆಂದರೆ ನೂರೈವತ್ತು. ಚಹಾ ಕೆಳಗಿಟ್ಟೆ.

ಹಿಂದಿನ ವರ್ಷ ಶಾಲೆಗಳಿಂದ ಒಂದು ದೂರು ಬಂದಿತ್ತು. ರಜೆ ಮುಗಿಸಿ ಬಾಗಿಲು ತೆರೆದರೆ ನೆಲ ತಾನಾಗಿಯೇ ಉತ್ತರಗಳನ್ನು ದಾಖಲಿಸಿರುತ್ತಿತ್ತು. ಹಲ್ಲಿ, ಜಿರಲೆ ಓಡಾಡಿದ್ದೆಲ್ಲ ಲೆಕ್ಕಕ್ಕೆ ಬಿದ್ದಿತ್ತು. ಮುಜಾವರ ಟೀಚರ್ ಆಗ, "ನಮ್ಮ ಸಾಲಿ ಹಲ್ಲಿಗೆ ಹದಿನಾಲ್ಕರ ಮಗ್ಗಿ ಬರತೈತ್ರಿ, ಮುಂದಿನ ವರ್ಗಕ್ಕ ಹಾಕೂಣೇನ?" ಎಂದು ಕಾಡಿಸಿದ್ದರು. ನಾನು ನಕ್ಕು, ಒಂದೇ ಸಾಲು ಬರೆದು ಎಲ್ಲ ನೆಲಗಳಿಗೂ ಕಳಿಸಿದ್ದೆ. ಮುನ್ನೂರು ಗ್ರಾಂಗಿಂತ ಕಡಿಮೆ ಒತ್ತು ಬಂದರೆ ಎಸೆದುಬಿಡು, ಇಟ್ಟುಕೊಳ್ಳಲೂ ಬೇಡ. ಬರೆದ ಮರುಗಳಿಗೆಯೇ ಅದನ್ನು ಮರೆತಿದ್ದೆ. ಹಳದಿ ಚುಕ್ಕಿಗೆ ಕಾಯುತ್ತ ಇಪ್ಪತ್ತಾರು ದಿನ ಕೂತಾಗಲೂ ನೆನಪಾಗಲಿಲ್ಲ.

ಎರಡು ತಿಂಗಳು ಸತ್ತಂತಿದ್ದ ಕಾಲಿನ ಹೆಬ್ಬೆರಳು ಎಷ್ಟು ಒತ್ತೀತು? ಆ ಮಗು ದಿನಾ ಉತ್ತರ ಕೊಡುತ್ತಿತ್ತೋ ಏನೋ. ನಾನು ಅದನ್ನು ಹಲ್ಲಿ ಎಂದು ಎಸೆಯುತ್ತಿದ್ದೆ. ಅದು ಸರಿ ಉತ್ತರವೋ, ಸುಮ್ಮನೆ ನರದ ಅದುರಾಟವೋ, ಈಗ ಹೇಳುವುದಕ್ಕೆ ಒಂದು ಚುಕ್ಕಿಯೂ ಉಳಿದಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಎಲ್ಲ ಹೇಳಿ ಅತ್ತೆ. ಅವ್ವ ಸೊಪ್ಪು ಬದಿಗಿಟ್ಟು, "ಮೊದ್ಲ ಹೋಗಿ ಬಾ, ಆಮ್ಯಾಲ ಅಳು," ಎಂದಳು.

*

ಗುಳೇದಗುಡ್ಡ ಮುಟ್ಟುವಾಗ ಮಧ್ಯಾಹ್ನ ಮೂರು. ಭಾನುವಾರವಾದರೂ ಓಣಿಯಲ್ಲಿ ಮಗ್ಗ ನಿಂತಿರಲಿಲ್ಲ. ನೀಲವ್ವನ ಮನೆಯಲ್ಲಿ ಮಾತ್ರ ಸದ್ದಿಲ್ಲ. ತಾಯಿ ಮಗಳು ಇಬ್ಬರೂ ಹಾಸಿಗೆಯಲ್ಲೇ ಇದ್ದರು. ನೆಲದ ತುಂಡನ್ನು ಗೋಡೆಗೆ ಆನಿಸಿ ಇಟ್ಟಿದ್ದರು.

"ಮುಂಜಾನೆ ನಿನ್ನಿ ಪಾಠನ ಮತ್ತ ಹಚ್ಚು ಅಂದ್ಲು," ಎಂದಳು ನೀಲವ್ವ. "ಹಚ್ಚಿದೆ. ಎಲ್ಲಾರೂ ಬಂದ್ರು. ಆಕಿದು ಬರಲಿಲ್ಲ."

"ನಾ ಅದರಾಗ ಇದ್ನಿ," ಎಂದಳು ಸಿಂಚನಾ ನನ್ನ ಕಡೆ ನೋಡುತ್ತ. "ಈಗ ಇಲ್ರಿ. ಎಲ್ಲಿ ಹೋದ್ನಿ?"

ಸುಳ್ಳು ಹೇಳಬಹುದಿತ್ತು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಲ್ಲಿಯ ಕಥೆ ಹೇಳಿದೆ, ಮುನ್ನೂರು ಗ್ರಾಂ ಹೇಳಿದೆ, ಅಳಿಸಿಹೋದ ಕಡತವನ್ನು ಯಾರೂ ಮರಳಿ ತರಲಾರರು ಎಂದು ಹೇಳಿದೆ. "ನೀವು ಫೋನ್ ಮಾಡಿದಾಗ ನಾ ನಿಮ್ಮ ಮಾತು ನಂಬಬೇಕಿತ್ತು ನೀಲವ್ವ. ತಪ್ಪು ನಂದು. ಪೂರಾ ನಂದು."

ನೀಲವ್ವ ಕಾಲ ಮೇಲಿನ ಚಾದರದ ಅಂಚನ್ನು ನೇವರಿಸುತ್ತಿದ್ದಳು.

"ಒಂದು ಎಳಿ ತಪ್ಪಿದ್ರ ನಾವು ಅಲ್ಲಿತನ ಬಿಚ್ಚಿ ಮತ್ತ ನೇಯ್ತೀವಿ," ಎಂದಳು. "ನಿಮ್ಮದು ಬಿಚ್ಚಾಕ ಬರ್ತೈತೇನು?"

"ಇಲ್ಲ."

"ಹಂಗಾದ್ರ ಏನ ಉಳಿತು?"

ಅದೇ ಪ್ರಶ್ನೆಯನ್ನು ಹೊತ್ತು ನಾಲ್ಕು ತಾಸು ಬಸ್ಸಿನಲ್ಲಿ ಬಂದಿದ್ದೆ. ಲೆಕ್ಕ ನೆಲದ ನೆನಪಿನಲ್ಲಿ ಇದ್ದಿದ್ದರೆ ಅದು ನಿನ್ನೆ ಸಂಜೆ ಐದಕ್ಕೆ ಮುಗಿಯಿತು. ಈ ಮಗುವಿನಲ್ಲೇ ಇದ್ದರೆ ಇನ್ನೂ ಇರಬೇಕು. ತಿಳಿಯಲು ಪರದೆ ಇಲ್ಲ, ಚುಕ್ಕಿ ಇಲ್ಲ. ಹಲ್ಲಿಯ ಭಾರವನ್ನೂ ಎಸೆಯದ ವಸ್ತು ನನ್ನ ಬಳಿ ಒಂದೇ ಇತ್ತು. ಚಾದರ ಸರಿಸಿ, ಸಿಂಚನಾಳ ಬಲಗಾಲನ್ನು ಮೆಲ್ಲಗೆ ಎತ್ತಿ, ನನ್ನ ಅಂಗೈಯನ್ನು ಅವಳ ಬೆರಳುಗಳ ಕೆಳಗೆ ಇಟ್ಟೆ. ಎರಡು ವರ್ಷದಿಂದ ಬಲ್ಲ ಆ ಪಾದವನ್ನು ಮೊದಲ ಸಲ ಮುಟ್ಟಿದ್ದು. ತಣ್ಣಗಿತ್ತು, ಮೃದುವಾಗಿತ್ತು, ತೊಟ್ಟಿಲ ಕೂಸಿನ ಪಾದದಂತೆ ಸವಕಳಿಯಿಲ್ಲದೆ ಇತ್ತು.

"ನೀ ಹೆಂಗ ಒತ್ತತಿದ್ದಿ, ಹಂಗ ಒತ್ತು. ನನಗ ತಿಳಿತೈತಿ."

"ಒತ್ತಿ ಹಿಡದ್ರ ಹತ್ತು," ಎಂದಳು ಅವಳು, ದಡ್ಡಿಗೆ ಹೇಳುವ ಹಾಗೆ ನಿಧಾನ. "ಮುಟ್ಟಿ ಬಿಟ್ರ ಬಿಡಿ. ಗೊತ್ತಾತಿಲ್ರಿ?"

ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀಲವ್ವನ ಮುಖ ನೋಡಿದೆ. ಆಕೆ ಇಲ್ಲವೆಂಬಂತೆ ತಲೆ ಆಡಿಸಿದಳು. ಹುಡುಗಿ ತಾನೇ ಕಂಡುಕೊಂಡಿದ್ದಳು. ಹಾಸಿಗೆಯಲ್ಲಿ ಒಬ್ಬಳೇ, ಮಕ್ಕಳೆಲ್ಲ ಜಿಗಿದು ಮುಗಿಸಿದ ಮೇಲೆ.

"ಏಳು ಎಂಟಲೆ?" ಎಂದೆ.

ಸಿಂಚನಾ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಪಕ್ಕದ ಮನೆಯ ಮಗ್ಗ ಹೊಡೆದುಕೊಳ್ಳುತ್ತಲೇ ಇತ್ತು. ನೀಲವ್ವನ ಬಳೆ ಒಮ್ಮೆ ಸದ್ದಾಯಿತು, ಆಮೇಲೆ ಅದೂ ಇಲ್ಲ. ಎಷ್ಟು ಹೊತ್ತು ಹೋಯಿತೋ. ಮುಗಿಯಿತು ಅಂದುಕೊಳ್ಳುವಾಗ ಅಂಗೈ ನಡುವೆ ಒಂದು ಒತ್ತು ಬಂತು. ಒತ್ತು ಎನ್ನಲೂ ಆಗದಷ್ಟು ಸಣ್ಣದು, ಆದರೆ ಬಂದು ನಿಂತಿತು, ಬಿಟ್ಟಿತು. ಒಂದು ಹತ್ತು. ಮತ್ತೊಂದು ಬಂತು. ಮೂರನೆಯದಕ್ಕೆ ಅವಳ ಹಣೆಯಲ್ಲಿ ಬೆವರು ಕಂಡಿತು. ನಾಲ್ಕು. ನಾಲ್ಕಕ್ಕೇ ನಿಂತಿತು. ನಾನು ನೀಲವ್ವನ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಬೆರಳು ದಣಿದಿದೆ, ಲೆಕ್ಕ ದಣಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐದನೆಯದು ಬಂತು, ಉಳಿದೆಲ್ಲಕ್ಕಿಂತ ಗಟ್ಟಿಯಾಗಿ.

ಆಮೇಲೆ ಬಿಡಿಗಳು ಬಂದವು. ಮುಟ್ಟಿ ಬಿಡುವುದು, ಮುಟ್ಟಿ ಬಿಡುವುದು. ಒಂದು, ಎರಡು, ಮೂರು. ನಾಲ್ಕು, ಐದು ಬೇಗ ಬಂದವು. ಆರು.

ಏಳನೆಯದು ಬರಬಾರದೆಂದು ಉಸಿರು ಬಿಗಿ ಹಿಡಿದು ಕಾದೆ. ಬೆರಳು ಅಂಗೈ ಮೇಲೇ ಇತ್ತು, ಇನ್ನೂ ಬೆಚ್ಚಗಾಗುತ್ತ. ಕಾದೆ. ಬರಲಿಲ್ಲ.

 ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಿಂಚನಾ ಕಣ್ಣು ತೆರೆದಳು.

"ಐವತ್ತಾರ್ರಿ," ಎಂದಳು. "ಮುಂದಿಂದು ಕೇಳ್ರಿ."